2,628: ಮೂವತ್ತಾರು ವರ್ಷ ಅಲುಗದ ಲೆಕ್ಕ, ಇಪ್ಪತ್ತೆಂಟು ಗಜದ ಕೊರತೆ

2024ರ ಡಿಸೆಂಬರ್ 31. ಅರಿಝೋನಾದ ಗ್ಲೆಂಡೇಲ್‌ನಲ್ಲಿ ಫಿಯೆಸ್ಟಾ ಬೌಲ್ ಪಂದ್ಯ. ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ಆಷ್ಟನ್ ಜೆಂಟಿ ಮೈದಾನಕ್ಕಿಳಿದಾಗ ಅವರ ಖಾತೆಯಲ್ಲಿ ಆ ಋತುವಿನ 2,497 ಗಜಗಳಿದ್ದವು. ಇನ್ನು 132 ಗಜ ಚೆಂಡು ಹೊತ್ತು ಓಡಿದ್ದರೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ತುಂಬ ಗಟ್ಟಿಯಾದ ದಾಖಲೆಯೊಂದು ಮುರಿಯುತ್ತಿತ್ತು. ಪಂದ್ಯಕ್ಕೆ ಸರಾಸರಿ 192 ಗಜ ಓಡುತ್ತ ಬಂದವರಿಗೆ 132 ಯಾವ ಮಹಾ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಎದುರಿಗಿದ್ದ ಪೆನ್ ಸ್ಟೇಟ್ ತಂಡ ಬಿಡಲಿಲ್ಲ. 30 ಸಲ ಚೆಂಡು ಕೈಗೆ ಬಂದರೂ ಜೆಂಟಿಗೆ ಸಿಕ್ಕಿದ್ದು 104 ಗಜ. ತಂಡ 31–14ರಿಂದ ಸೋತಿತು. ಜೆಂಟಿಯ ಲೆಕ್ಕ 2,601ಕ್ಕೆ ನಿಂತಿತು. ದಾಖಲೆ ಮುರಿಯಲು ಬೇಕಿದ್ದುದು ಇನ್ನು 28 ಗಜ.

ಆ ದಾಖಲೆ ಬ್ಯಾರಿ ಸ್ಯಾಂಡರ್ಸ್ ಅವರದು. 1988ರಲ್ಲಿ ಓಕ್ಲಹೋಮಾ ಸ್ಟೇಟ್ ಪರ 2,628 ಗಜ.

ಇಷ್ಟು ಓದಿ ‘ಪಾಪ, ಸ್ವಲ್ಪದರಲ್ಲಿ ತಪ್ಪಿತು’ ಅಂದುಕೊಂಡರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ಜೆಂಟಿ ಈ 2,601 ಗಜ ಓಡಿದ್ದು 14 ಪಂದ್ಯಗಳಲ್ಲಿ. ಸ್ಯಾಂಡರ್ಸ್ ಆ 2,628 ಓಡಿದ್ದು 11ರಲ್ಲಿ. ಅಷ್ಟೇ ಅಲ್ಲ, ಸ್ಯಾಂಡರ್ಸ್ ಆ ವರ್ಷ 12ನೇ ಪಂದ್ಯವನ್ನೂ ಆಡಿದ್ದರು, ಅದರಲ್ಲಿ ಇನ್ನೂ 222 ಗಜ ಓಡಿದ್ದರು. ಅದು ದಾಖಲೆ ಪುಸ್ತಕಕ್ಕೆ ಸೇರಲೇ ಇಲ್ಲ. ಯಾಕೆ ಅನ್ನುವುದೇ ಈ ಆಟದ ದೊಡ್ಡ ಓಟಗಾರರನ್ನು ಅರ್ಥಮಾಡಿಕೊಳ್ಳುವ ಬಾಗಿಲು. ಒಳಗೆ ಹೋಗುವ ಮುನ್ನ ಆಟದ ಬಗ್ಗೆ ಎರಡು ಮಾತು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೆ ಕೆಲಸ ಹೆಚ್ಚು. ನೂರು ಗಜ ಉದ್ದದ ಮೈದಾನ. ಗಜ ಅಂದರೆ ನಮ್ಮ ಬಟ್ಟೆ ಅಂಗಡಿಯ ಹಳೆಯ ಗಜವೇ, ಮೂರಡಿ. ಒಂದೊಂದು ಕಡೆ 11 ಜನ. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ ನಾಲ್ಕು ಅವಕಾಶ; ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಹತ್ತು ಹತ್ತು ಗಜ ಗೆಲ್ಲುತ್ತ ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಮುಂದೆ ಹೋಗಲು ಇರುವ ದಾರಿ ಎರಡು: ಚೆಂಡನ್ನು ಮುಂದಕ್ಕೆ ಎಸೆದು ಇನ್ನೊಬ್ಬ ಹಿಡಿಯುವುದು, ಅಥವಾ ಹೊತ್ತುಕೊಂಡು ಓಡುವುದು.

ಹೊತ್ತು ಓಡುವವನೇ ರನ್ನಿಂಗ್ ಬ್ಯಾಕ್. ‘ಬ್ಯಾಕ್’ ಅಂದರೆ ರಕ್ಷಣೆಯವನಲ್ಲ. ಸಾಕರ್ ನೋಡಿ ಬೆಳೆದವರಿಗೆ ಇಲ್ಲಿ ಗೊಂದಲ ಆಗುವುದು ಸಹಜ. ಮುಂದಿನ ಸಾಲಿನಲ್ಲಿ ಬಗ್ಗಿ ನಿಂತ ದೈತ್ಯರ ಹಿಂದೆ ನಿಲ್ಲುವುದರಿಂದ ಆ ಹೆಸರು. ಹಳೆಯ ಕಾಲದಲ್ಲಿ ಎಷ್ಟು ಹಿಂದೆ ನಿಲ್ಲುತ್ತಾನೆ ಅನ್ನುವುದರ ಮೇಲೆ ಕ್ವಾರ್ಟರ್‌ಬ್ಯಾಕ್, ಹಾಫ್‌ಬ್ಯಾಕ್, ಫುಲ್‌ಬ್ಯಾಕ್ ಅಂತ ಕರೆದರು. ಕ್ವಾರ್ಟರ್‌ಬ್ಯಾಕ್ ಮುಂದೆ ಚೆಂಡು ಎಸೆಯುವ ನಾಯಕನಾದ. ಉಳಿದವರ ಪೈಕಿ ಮುಖ್ಯ ಓಟಗಾರನನ್ನು ಈಗ ರನ್ನಿಂಗ್ ಬ್ಯಾಕ್ ಅನ್ನುತ್ತಾರೆ.

ಒಂದು ಓಟವನ್ನು ನಿಧಾನವಾಗಿ ನೋಡೋಣ. ಸಾಲಿನ ನಡುವಿನವನು ಚೆಂಡನ್ನು ತನ್ನ ಕಾಲ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಅದನ್ನು ಹಿಡಿದು ಅರ್ಧ ತಿರುಗುತ್ತಾನೆ. ಅಷ್ಟರಲ್ಲಿ ಬ್ಯಾಕ್ ಎರಡು ಹೆಜ್ಜೆ ಇಟ್ಟಿರುತ್ತಾನೆ. ಒಂದು ತೋಳು ಎದೆಯ ಮಟ್ಟಕ್ಕೆ, ಇನ್ನೊಂದು ಹೊಟ್ಟೆಯ ಕೆಳಗೆ, ಬಾಯಿ ತೆರೆದ ಚೀಲದ ಹಾಗೆ. ಚೆಂಡು ಹೊಟ್ಟೆಗೆ ಒತ್ತಿದ ತಕ್ಷಣ ಚೀಲ ಮುಚ್ಚಿಕೊಳ್ಳುತ್ತದೆ. ಅವನು ಚೆಂಡಿನ ಕಡೆ ನೋಡುವುದೇ ಇಲ್ಲ. ಅವನ ಕಣ್ಣು ಮುಂದಿನ ಸಾಲಿನ ಸೊಂಟಗಳ ಮೇಲೆ: ನಮ್ಮವನ ಸೊಂಟ ಯಾವ ಕಡೆ ತಿರುಗಿದೆ, ಎದುರಾಳಿ ಯಾವ ಭುಜದ ಮೇಲಿಂದ ಬರುತ್ತಿದ್ದಾನೆ, ಬಿರುಕು ಎಲ್ಲಿ ಬಿಡುತ್ತದೆ. ಬಿರುಕು ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಅಗಲ, ಕಣ್ಣು ಮಿಟುಕಿಸುವಷ್ಟು ಹೊತ್ತು. ಬೇಗ ನುಗ್ಗಿದರೆ ತನ್ನವನ ಬೆನ್ನಿಗೇ ಡಿಕ್ಕಿ ಹೊಡೆಯುತ್ತಾನೆ. ತಡಮಾಡಿದರೆ ಬಿರುಕು ಮುಚ್ಚಿರುತ್ತದೆ. ವೇಗ ಅನ್ನುವುದು ಆಮೇಲಿನ ಮಾತು. ಮೊದಲು ಬೇಕಿರುವುದು ಕಾಯುವ ಕಲೆ.

ಕಬಡ್ಡಿ ನೋಡಿದವರಿಗೆ ಈ ಕಣ್ಣಾಟ ಹೊಸದಲ್ಲ. ರೇಡರ್ ಕೂಡ ಎದುರಾಳಿಯ ತೂಕ ಯಾವ ಕಾಲಿನ ಮೇಲಿದೆ ಅಂತ ನೋಡಿಯೇ ಒಳಗೆ ಕಾಲು ಚಾಚುವುದು. ವ್ಯತ್ಯಾಸ ಏನೆಂದರೆ ರೇಡರ್ ತನ್ನ ಗೆರೆಗೆ ಹಿಂದಿರುಗಬೇಕು, ಇವನು ಎದುರಾಳಿಯ ಗೆರೆ ದಾಟಿ ಹೋಗಬೇಕು. ರೇಡರ್ ಒಂಟಿ, ಇವನಿಗೆ ದಾರಿ ಬಿಡಿಸಲು ಹತ್ತು ಜನ. ಈ ಎರಡನೆಯದನ್ನು ಮರೆತರೆ ಕೆಳಗಿನ ಯಾವ ಅಂಕಿಯೂ ಸರಿಯಾಗಿ ಅರ್ಥವಾಗುವುದಿಲ್ಲ.

ಇಂಥ ಒಂದು ಓಟಕ್ಕೆ ನಾಲ್ಕು ಗಜ ಸಿಕ್ಕರೆ ತರಬೇತುದಾರರಿಗೆ ಸಮಾಧಾನ. ಋತುವಿಡೀ ಸರಾಸರಿ ಐದರ ಮೇಲಿದ್ದರೆ ಒಳ್ಳೆಯ ಓಟಗಾರ. ಗೆರೆಯ ಹಿಂದೆಯೇ ಸಿಕ್ಕಿಬಿದ್ದರೆ ಅಷ್ಟು ಗಜ ಲೆಕ್ಕದಿಂದ ಕಳೆಯುತ್ತಾರೆ. ಒಂದು ಪಂದ್ಯದಲ್ಲಿ ನೂರು ಗಜ ಓಡಿದರೆ ಕ್ರಿಕೆಟ್ಟಿನ ಶತಕದಂತೆ ಮರುದಿನ ಪತ್ರಿಕೆಯಲ್ಲಿ ಹೆಸರು ಬರುತ್ತದೆ. ಋತುವಿಗೆ ಸಾವಿರ ಗಜ ಅಂದರೆ ದೊಡ್ಡ ಆಟಗಾರ. ಎರಡು ಸಾವಿರದ ಗಡಿಯನ್ನು ಮೊದಲು ದಾಟಿದವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕಸ್ ಆಲೆನ್, 1981ರಲ್ಲಿ, 2,342 ಗಜ. ಅದನ್ನು ಯಾರಾದರೂ ಹತ್ತಿರದಲ್ಲೇ ಮುರಿಯುತ್ತಾರೆ ಎಂದು ಆಗ ಅನ್ನಿಸಿರಲಿಕ್ಕಿಲ್ಲ.

ಹನ್ನೊಂದು ಶನಿವಾರಗಳು

ಬ್ಯಾರಿ ಸ್ಯಾಂಡರ್ಸ್ ಕ್ಯಾನ್ಸಸ್‌ನ ವಿಚಿತಾ ಊರಿನವರು. ಎತ್ತರ ಐದಡಿ ಎಂಟಂಗುಲ. ಓಕ್ಲಹೋಮಾ ಸ್ಟೇಟ್‌ನಲ್ಲಿ ಮೊದಲ ಎರಡು ವರ್ಷ ಮುಖ್ಯ ಓಟಗಾರನ ಜಾಗ ಅವರಿಗೆ ಸಿಗಲಿಲ್ಲ, ಯಾಕೆಂದರೆ ಅಲ್ಲಿ ಥರ್ಮನ್ ಥಾಮಸ್ ಇದ್ದರು. ಮುಂದೆ ವೃತ್ತಿಪರ ಆಟದಲ್ಲೂ ದೊಡ್ಡ ಹೆಸರು ಮಾಡಿದವರು ಅವರು. ಥಾಮಸ್ ಕಾಲೇಜು ಮುಗಿಸಿ ಹೋದ ಮೇಲೆ, 1988ರಲ್ಲಿ, ಸ್ಯಾಂಡರ್ಸ್ ಸರದಿ ಬಂತು. ಅಂದರೆ ಮುಖ್ಯ ಓಟಗಾರನಾಗಿ ಅವರು ಕಾಲೇಜಿಗೆ ಆಡಿದ್ದು ಒಂದೇ ಒಂದು ಋತು.

ಆ ಋತುವಿನ ಹನ್ನೊಂದು ಪಂದ್ಯಗಳ ಗಜಗಳನ್ನು ಸಾಲಾಗಿ ಬರೆದರೆ ಹೀಗೆ: 178, 157, 304, 174, 189, 154, 320, 215, 312, 293, 332. ಈ ಸಾಲನ್ನು ಒಮ್ಮೆ ಕಣ್ಣಾಡಿಸಿ ಮುಂದೆ ಹೋಗಬೇಡಿ, ಸ್ವಲ್ಪ ನಿಲ್ಲಿ. ಅತಿ ಕೆಟ್ಟ ದಿನ ಅಂದರೆ 154. ಹೆಚ್ಚಿನ ಓಟಗಾರರಿಗೆ ಅದು ಜೀವಮಾನದ ಒಳ್ಳೆಯ ದಿನ. ಮುನ್ನೂರು ದಾಟಿದ್ದು ನಾಲ್ಕು ಸಲ. ದುರ್ಬಲ ತಂಡಗಳನ್ನು ಬಡಿದು ಅಂಕಿ ಪೇರಿಸಿದರು ಅನ್ನುವ ಹಾಗೂ ಇಲ್ಲ. ಆ ಕಾಲದ ಬಲಿಷ್ಠ ನೆಬ್ರಾಸ್ಕಾ ವಿರುದ್ಧ 189, ಅದೇ ರಾಜ್ಯದ ಹಗೆ ಓಕ್ಲಹೋಮಾ ವಿಶ್ವವಿದ್ಯಾಲಯದ ವಿರುದ್ಧ 215. ತಂಡ ಎರಡೂ ಪಂದ್ಯ ಸೋತಿತು ಅನ್ನುವುದು ಬೇರೆ ಮಾತು. 344 ಓಟಗಳಿಗೆ 2,628 ಗಜ ಅಂದರೆ ಓಟಕ್ಕೆ 7.6. ನಾಲ್ಕು ಸಿಕ್ಕರೆ ಸಾಕು ಅನ್ನುವ ಆಟದಲ್ಲಿ.

ಕೊನೆಯ ಪಂದ್ಯದ ಕಥೆ ಸೊಗಸಾಗಿದೆ. ಟೆಕ್ಸಸ್ ಟೆಕ್ ವಿರುದ್ಧದ ಆ ಪಂದ್ಯ ನಡೆದದ್ದು ಜಪಾನಿನ ಟೋಕಿಯೋದಲ್ಲಿ. ಹತ್ತು ಪಂದ್ಯಕ್ಕೆ ಸ್ಯಾಂಡರ್ಸ್ ಲೆಕ್ಕ 2,296 ಆಗಿತ್ತು. ಆಲೆನ್ ದಾಖಲೆ ಮುರಿಯಲು 47 ಗಜ ಸಾಕಿತ್ತು. ಕಾಲೇಜು ಫುಟ್‌ಬಾಲ್‌ನ ಅತಿದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿಯನ್ನು ನ್ಯೂಯಾರ್ಕಿನಲ್ಲಿ ಘೋಷಿಸಿದಾಗ ವಿಜೇತರು ಭೂಮಿಯ ಇನ್ನೊಂದು ಬದಿಯಲ್ಲಿದ್ದರು, ಟಿವಿ ಸಂಪರ್ಕದಲ್ಲಿ ಮುಖ ತೋರಿಸಿದರು. ಆಮೇಲೆ ಮೈದಾನಕ್ಕಿಳಿದು 332 ಗಜ ಓಡಿದರು. ಪಂದ್ಯ 45–42.

ಅದಾದ ಮೇಲೆ ಹಾಲಿಡೇ ಬೌಲ್. ವಯೋಮಿಂಗ್ ವಿರುದ್ಧ 222 ಗಜ, ಐದು ಟಚ್‌ಡೌನ್, 62–14ರ ಜಯ. ಈ 222 ಸೇರಿದ್ದರೆ ಮೊತ್ತ 2,850. ಆಗ ಜೆಂಟಿಗೆ ಬೇಕಿದ್ದುದು 28 ಅಲ್ಲ, 250. ಫಿಯೆಸ್ಟಾ ಬೌಲ್ ರಾತ್ರಿಯ ಉಸಿರು ಬಿಗಿಹಿಡಿದ ಲೆಕ್ಕಾಚಾರವೇ ಇರುತ್ತಿರಲಿಲ್ಲ.

ಲೆಕ್ಕ ಬರೆಯುವವರ ಕಥೆ

ಬೌಲ್ ಪಂದ್ಯ ಅಂದರೆ ಋತು ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ಆಹ್ವಾನಿಸಿ ಆಡಿಸುವ ಪಂದ್ಯ. ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಇವುಗಳಲ್ಲಿ ಹಿರಿಯದು. ಹೊಸ ವರ್ಷದ ಹಬ್ಬ, ಮೆರವಣಿಗೆ, ಪ್ರವಾಸಿಗಳು. ಒಂದು ಬಗೆಯ ಜಾತ್ರೆ. ಹಾಗಾಗಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆ ಈ ಪಂದ್ಯಗಳ ಅಂಕಿಗಳನ್ನು ಆಟಗಾರನ ಅಧಿಕೃತ ಲೆಕ್ಕಕ್ಕೆ ಸೇರಿಸುತ್ತಲೇ ಇರಲಿಲ್ಲ. ರಣಜಿ ಲೀಗ್ ಪಂದ್ಯಗಳ ರನ್ ಲೆಕ್ಕಕ್ಕುಂಟು, ಫೈನಲ್ ರನ್ ಲೆಕ್ಕಕ್ಕಿಲ್ಲ ಅಂದರೆ ಹೇಗಿರುತ್ತಿತ್ತೋ ಹಾಗೆ. 2002ರಿಂದ ನಿಯಮ ಬದಲಾಗಿ ಬೌಲ್ ಗಜಗಳೂ ಸೇರತೊಡಗಿದವು. ಹಳೆಯ ಲೆಕ್ಕಗಳನ್ನು ಮಾತ್ರ ತಿದ್ದಲಿಲ್ಲ.

ಇದರಿಂದ ಅತಿ ಹೆಚ್ಚು ಏಟು ತಿಂದವರು ಸ್ಯಾಂಡರ್ಸ್ ಅಲ್ಲ, ರಾನ್ ಡೇನ್. ವಿಸ್ಕಾನ್ಸಿನ್‌ನ ಡೇನ್ ನೂರಾಹದಿನೈದು ಕಿಲೋ ಹತ್ತಿರ ತೂಗುತ್ತಿದ್ದ ಭಾರೀ ಓಟಗಾರ. ಅವರನ್ನು ಬೀಳಿಸಲು ಇಬ್ಬರು ಸಾಲದೆ ಮೂರನೆಯವನು ಬರಬೇಕಾಗುತ್ತಿತ್ತು. 1996ರಿಂದ 1999ರವರೆಗಿನ ನಾಲ್ಕು ಋತುಗಳಲ್ಲಿ ಅಧಿಕೃತವಾಗಿ 6,397 ಗಜ. ವೃತ್ತಿಜೀವನದ ಒಟ್ಟು ಲೆಕ್ಕದಲ್ಲಿ ಅದು ಆಗಿನ ದಾಖಲೆ. 2016ರಲ್ಲಿ ಸ್ಯಾನ್ ಡಿಯೇಗೋ ಸ್ಟೇಟ್‌ನ ಡಾನೆಲ್ ಪಂಫ್ರಿ ಅದನ್ನು ಮುರಿದರು, 6,405 ಗಜ. ಎಂಟೇ ಗಜ ಹೆಚ್ಚು. ಪಂಫ್ರಿ ದೇಹ ಗಾತ್ರದಲ್ಲಿ ಡೇನ್‌ಗೆ ತದ್ವಿರುದ್ಧ. ಡೇನ್ ಪಕ್ಕ ನಿಂತರೆ ಶಾಲೆಯ ಹುಡುಗನಂತೆ ಕಾಣುವವರು. ದಾಖಲೆ ಮುರಿದದ್ದು ಎಲ್ಲಿ? ಲಾಸ್ ವೇಗಸ್ ಬೌಲ್‌ನಲ್ಲಿ! ಬೌಲ್ ಪಂದ್ಯದಲ್ಲಿ ಓಡಿದ ಗಜಗಳಿಂದ, ಬೌಲ್ ಗಜಗಳನ್ನು ಕಳೆದುಕೊಂಡವರ ದಾಖಲೆ ಮುರಿಯಿತು. ಡೇನ್ ಆಡಿದ ನಾಲ್ಕು ಬೌಲ್ ಪಂದ್ಯಗಳಲ್ಲಿ ಕ್ರಮವಾಗಿ 246, 36, 246, 200 ಗಜ. ಒಟ್ಟು 728. ಕೂಡಿಸಿದರೆ 7,125. ವಿಸ್ಕಾನ್ಸಿನ್ ಅಭಿಮಾನಿಗಳು ಇವತ್ತಿಗೂ ಇದೇ ಅಂಕಿಯನ್ನು ಹೇಳುವುದು, ಪುಸ್ತಕದ ಅಂಕಿ ಹೇಳಿದರೆ ಮುನಿಸಿಕೊಳ್ಳುತ್ತಾರೆ. ನನ್ನ ಪಾಲಿಗೆ ಅವರ ವಾದದಲ್ಲೇ ಹುರುಳಿದೆ. ಪಂಫ್ರಿ ಏನೂ ತಪ್ಪು ಮಾಡಲಿಲ್ಲ, ಅವರ ಕಾಲದ ನಿಯಮದಂತೆ ಓಡಿದರು ಅಷ್ಟೇ.

ಪಂದ್ಯಗಳ ಸಂಖ್ಯೆಯೂ ಬೆಳೆಯುತ್ತ ಬಂದಿದೆ. ಸ್ಯಾಂಡರ್ಸ್ ಕಾಲಕ್ಕೆ ಮಾಮೂಲು ಋತುವಿಗೆ 11 ಪಂದ್ಯ. ಈಗ 12, ಅದರ ಮೇಲೆ ವಲಯದ ಫೈನಲ್, ಆಮೇಲೆ ಬೌಲ್ ಅಥವಾ ರಾಷ್ಟ್ರೀಯ ನಾಕೌಟ್. ಜೆಂಟಿ 11 ಪಂದ್ಯ ಮುಗಿಸಿದಾಗ 2,062ರಲ್ಲಿದ್ದರು, ಸ್ಯಾಂಡರ್ಸ್‌ಗಿಂತ 566 ಗಜ ಹಿಂದೆ. ಹಾಗಂತ ಜೆಂಟಿಯನ್ನು ಕಡಿಮೆ ಮಾಡಿ ಹೇಳಿದಂತಲ್ಲ. 374 ಸಲ ಚೆಂಡು ಹೊತ್ತು, ಓಟಕ್ಕೆ ಏಳು ಗಜದ ಹತ್ತಿರ ತಂದವರು ಅವರು. ಅದರಲ್ಲೂ ಬಹುಪಾಲು ಗಜಗಳು ಮೊದಲ ಎದುರಾಳಿಯ ಕೈ ಮೈಗೆ ತಾಗಿದ ಮೇಲೆ ಬಂದವು. ಅಪ್ಪ ನೌಕಾಪಡೆಯಲ್ಲಿದ್ದುದರಿಂದ ಬಾಲ್ಯದ ಕೆಲವು ವರ್ಷ ಇಟಲಿಯ ನೇಪಲ್ಸ್‌ನಲ್ಲಿ ಕಳೆದು, ಅಲ್ಲೇ ಈ ಆಟ ಕಲಿತ ಹುಡುಗ. ಉಳಿದ ಓಟಗಾರರು ಮೊಣಕಾಲ ಮೇಲೆ ಕೈಯಿಟ್ಟು ಬಾಗಿ ನಿಂತರೆ, ಇವರು ಬಸ್ಸಿಗೆ ಕಾಯುವವರಂತೆ ನೆಟ್ಟಗೆ ನಿಲ್ಲುತ್ತಿದ್ದರು. ಚೆಂಡು ಬಂದ ಕ್ಷಣ ಆ ಸೋಮಾರಿತನ ಎಲ್ಲಿ ಹೋಗುತ್ತಿತ್ತೋ.

ನಿಯಮ ಬದಲಾದರೆ ವೀರರೂ ಬದಲಾಗುತ್ತಾರೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ, ಮೊದಲ ವರ್ಷದ ವಿದ್ಯಾರ್ಥಿಗಳದ್ದು. 1972ಕ್ಕೆ ಮುಂಚೆ ಕಾಲೇಜಿಗೆ ಸೇರಿದ ಮೊದಲ ವರ್ಷ ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ. ಹಾಗಾಗಿ ಹಳೆಯ ಆಟಗಾರರಿಗೆ ಮೂರೇ ಋತು. ನಿಯಮ ಸಡಿಲವಾದ ಮೊದಲ ವರ್ಷವೇ ಒಹಾಯೋ ಸ್ಟೇಟ್‌ಗೆ ಸೇರಿದವರು ಆರ್ಚಿ ಗ್ರಿಫಿನ್. ಮೊದಲ ಪಂದ್ಯದಲ್ಲಿ ಒಂದೇ ಒಂದು ಸಲ ಚೆಂಡು ಕೈಗೆ ಬಂತು, ಅದನ್ನೂ ಬೀಳಿಸಿಬಿಟ್ಟರು. ಎರಡನೇ ಪಂದ್ಯದಲ್ಲಿ, ನಾರ್ತ್ ಕೆರೋಲಿನಾ ವಿರುದ್ಧ, 239 ಗಜ ಓಡಿ ಆ ವಿಶ್ವವಿದ್ಯಾಲಯದ ದಾಖಲೆಯನ್ನೇ ಬರೆದರು. ಮುಂದೆ 1974 ಮತ್ತು 1975, ಎರಡು ವರ್ಷ ಸತತವಾಗಿ ಹೈಸ್‌ಮನ್. ಎರಡು ಸಲ ಗೆದ್ದವರು ಅವರೊಬ್ಬರೇ. ಸತತ 31 ಪಂದ್ಯಗಳಲ್ಲಿ ನೂರಕ್ಕೂ ಹೆಚ್ಚು ಗಜ ಓಡಿದ್ದು ಹೈಸ್‌ಮನ್‌ಗಿಂತ ದೊಡ್ಡದು ಅಂತ ನನಗನ್ನಿಸುತ್ತದೆ. ಕಾಲು ಉಳುಕಿದ ದಿನ, ಮಳೆಯ ದಿನ, ಎದುರಾಳಿ ಇವರೊಬ್ಬರ ಮೇಲೇ ಕಣ್ಣಿಟ್ಟ ದಿನ, ಎಲ್ಲವೂ ಆ ಮೂವತ್ತೊಂದರಲ್ಲಿ ಬಂದಿರಲೇಬೇಕಲ್ಲ.

ಗ್ರಿಫಿನ್ ಹಿಂದೆಯೇ ಪಿಟ್ಸ್‌ಬರ್ಗ್‌ನ ಟೋನಿ ಡಾರ್ಸೆಟ್ ನಾಲ್ಕು ವರ್ಷವೂ ಆಡಿ 6,082 ಗಜ ಮಾಡಿದರು. ಆರು ಸಾವಿರ ದಾಟಿದ ಮೊದಲಿಗರು. 22 ವರ್ಷ ನಿಂತ ಆ ದಾಖಲೆಯನ್ನು 1998ರಲ್ಲಿ ಟೆಕ್ಸಸ್‌ನ ರಿಕಿ ವಿಲಿಯಮ್ಸ್ 60 ಗಜದ ಟಚ್‌ಡೌನ್ ಓಟದಿಂದ ಮುರಿದರು. ಅವರ ದಾಖಲೆಯನ್ನು ಮರುವರ್ಷವೇ ಡೇನ್ ಮುರಿದರು. ಈ ಪಟ್ಟಿಯ ನಡುವೆ ಜಾರ್ಜಿಯಾದ ಹರ್ಷೆಲ್ ವಾಕರ್ ಹೆಸರು ಸ್ವಲ್ಪ ಕೆಳಗೆ ಕಾಣುತ್ತದೆ, 5,259. ಆದರೆ ಅವರು ಆಡಿದ್ದು ಮೂರೇ ವರ್ಷ. ಮೊದಲ ವರ್ಷವೇ 1,616 ಗಜ ಓಡಿ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಆ ಋತುವಿನ ಕೊನೆಯ ಪಂದ್ಯ, 1981ರ ಜನವರಿ 1ರ ಶುಗರ್ ಬೌಲ್‌ನಲ್ಲಿ, ಆರಂಭದಲ್ಲೇ ಭುಜ ಕೀಲು ತಪ್ಪಿತು. ಅದನ್ನು ಕೂರಿಸಿಕೊಂಡು ಮತ್ತೆ ಇಳಿದು 150 ಗಜ ಓಡಿದರು. ಬೌಲ್ ಪಂದ್ಯವಾದ್ದರಿಂದ ಆ 150 ಲೆಕ್ಕಕ್ಕಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಒಂದು ಮಧ್ಯಾಹ್ನದ ಮಾತು

ಋತುವಿನ ಲೆಕ್ಕ ಒಂದಾದರೆ ಒಂದೇ ದಿನದ ಲೆಕ್ಕ ಇನ್ನೊಂದು. ಇದರಲ್ಲಿ ಎಲ್ಲರ ಅಜ್ಜ ಇಲಿನಾಯ್‌ನ ರೆಡ್ ಗ್ರೇಂಜ್. ಬೇಸಿಗೆ ರಜೆಯಲ್ಲಿ ವೀಟನ್ ಎಂಬ ಊರಿನಲ್ಲಿ ಮನೆಮನೆಗೆ ಮಂಜುಗಡ್ಡೆ ಹೊತ್ತು ಹಾಕುತ್ತಿದ್ದ ಹುಡುಗ. 1924ರ ಅಕ್ಟೋಬರ್ 18, ವಿಶ್ವವಿದ್ಯಾಲಯದ ಹೊಸ ಕ್ರೀಡಾಂಗಣದ ಸಮರ್ಪಣೆಯ ದಿನ, ಎದುರಿಗೆ ಮಿಶಿಗನ್. ಮೊದಲ ಒದೆತದ ಚೆಂಡನ್ನೇ ಹಿಡಿದು 95 ಗಜ ಓಡಿ ಟಚ್‌ಡೌನ್. ಆಮೇಲೆ 67 ಗಜ. ಆಮೇಲೆ 56. ಆಮೇಲೆ 44. ನಾಲ್ಕು ಟಚ್‌ಡೌನ್, ಹನ್ನೆರಡು ನಿಮಿಷದ ಆಟ. ತಡವಾಗಿ ಬಂದು ಸೀಟು ಹುಡುಕುತ್ತಿದ್ದವರ ಗತಿ ಯೋಚಿಸಿ. ಆ ದಿನ ಇನ್ನೊಂದು ಟಚ್‌ಡೌನ್ ಓಡಿ, ಮತ್ತೊಂದನ್ನು ಎಸೆದು ಮಾಡಿಸಿದರು. ಇಲಿನಾಯ್ 39–14ರಿಂದ ಗೆದ್ದಿತು. ಟಿವಿ ಇಲ್ಲದ ಕಾಲದಲ್ಲಿ ಕಾಲೇಜು ಹುಡುಗನೊಬ್ಬ ದೇಶಕ್ಕೆಲ್ಲ ಗೊತ್ತಾದ. ಮರುವರ್ಷ ಕೊನೆಯ ಕಾಲೇಜು ಪಂದ್ಯ ಮುಗಿದ ಬೆನ್ನಿಗೇ ಗ್ರೇಂಜ್ ವೃತ್ತಿಪರ ಷಿಕಾಗೋ ಬೇರ್ಸ್ ಸೇರಿದರು. ಆಗ ವೃತ್ತಿಪರ ಆಟಕ್ಕೆ ಕಾಲೇಜು ಆಟದ ಮುಂದೆ ಏನೂ ಮರ್ಯಾದೆ ಇರಲಿಲ್ಲ. ಜನ ಅದನ್ನು ನೋಡಲು ಬರತೊಡಗಿದ್ದರಲ್ಲಿ ಗ್ರೇಂಜ್ ಪಾಲು ದೊಡ್ಡದು.

ಶುದ್ಧ ಓಟದ ಗಜಗಳಲ್ಲಿ ಒಂದು ಪಂದ್ಯದ ದಾಖಲೆಗೆ 2014ರ ನವೆಂಬರ್‌ನಲ್ಲಿ ಒಂದು ತಮಾಷೆ ಆಯಿತು. ಆ ತನಕ ದಾಖಲೆ ಲಾಡೇನಿಯನ್ ಟಾಮ್ಲಿನ್‌ಸನ್ ಅವರ 406, 1999ರದು. ನವೆಂಬರ್ 15ರಂದು ವಿಸ್ಕಾನ್ಸಿನ್‌ನ ಮೆಲ್ವಿನ್ ಗಾರ್ಡನ್ ನೆಬ್ರಾಸ್ಕಾ ವಿರುದ್ಧ ಹಿಮ ಉದುರುತ್ತಿದ್ದ ಮೈದಾನದಲ್ಲಿ 408 ಗಜ ಓಡಿದರು. ಬರೀ 25 ಓಟಗಳಲ್ಲಿ, ಬರೀ ಮುಕ್ಕಾಲು ಪಂದ್ಯದಲ್ಲಿ. ಮೂರನೇ ಭಾಗದ ಕೊನೆಯ ಓಟದಲ್ಲಿ ದಾಖಲೆ ದಾಟಿತು, ನಾಲ್ಕನೇ ಭಾಗ ಅವರು ಬೆಂಚಿನ ಮೇಲೆ. 15 ವರ್ಷ ನಿಂತ ದಾಖಲೆ ಮುರಿದವರಿಗೆ ಅದನ್ನು ಅನುಭವಿಸಲು ಸಿಕ್ಕಿದ್ದು ಏಳು ದಿನ. ಮುಂದಿನ ಶನಿವಾರ ಓಕ್ಲಹೋಮಾದ ಸಮಾಜೆ ಪೆರೈನ್, ಇನ್ನೂ ಮೊದಲ ವರ್ಷದ ವಿದ್ಯಾರ್ಥಿ, ಕ್ಯಾನ್ಸಸ್ ವಿರುದ್ಧ 427 ಗಜ ಓಡಿಬಿಟ್ಟರು. ದಾಖಲೆ ಈಗಿರುವುದು ಪೆರೈನ್ ಹೆಸರಿನಲ್ಲಿ. ಆ ಮಧ್ಯಾಹ್ನ ನಾಲ್ಕನೇ ಭಾಗವನ್ನೂ ಆಡಿದ್ದರೆ ಗಾರ್ಡನ್ ಎಲ್ಲಿಗೆ ಮುಟ್ಟುತ್ತಿದ್ದರು ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಹೋಲಿಸಲು ಇನ್ನೊಂದು: 1991ರಲ್ಲಿ ಕ್ಯಾನ್ಸಸ್‌ನ ಟೋನಿ ಸ್ಯಾಂಡ್ಸ್ 396 ಗಜ ಓಡಿದ್ದರು, 58 ಓಟಗಳಲ್ಲಿ. ಐವತ್ತೆಂಟು ಸಲ ಯಾರೋ ನೆಲಕ್ಕೆ ಕೆಡವುತ್ತಾರೆ, ಐವತ್ತೆಂಟು ಸಲ ಎದ್ದು ಬರಬೇಕು. ಯಾವುದು ದೊಡ್ಡದು ಅಂತ ನೀವೇ ಹೇಳಿ.

ಹೈಸ್‌ಮನ್ ಟ್ರೋಫಿಯಲ್ಲಿ ಕೆತ್ತಿರುವುದೂ ಚೆಂಡು ಬಗಲಲ್ಲಿಟ್ಟು ಇನ್ನೊಂದು ಕೈಯಿಂದ ಎದುರಾಳಿಯನ್ನು ತಳ್ಳುತ್ತಿರುವ ಓಟಗಾರನನ್ನೇ. 1935ರಲ್ಲಿ ಅದನ್ನು ಮೊದಲು ಪಡೆದವರು ಷಿಕಾಗೋ ವಿಶ್ವವಿದ್ಯಾಲಯದ ಹಾಫ್‌ಬ್ಯಾಕ್ ಜೇ ಬರ್ವ್ಯಾಂಗರ್. ಹಿಂದಿನ ವರ್ಷ ಅವರನ್ನು ಹಿಡಿಯಲು ಹೋಗಿ ಕಣ್ಣ ಕೆಳಗೆ ಗಾಯದ ಗುರುತು ಮಾಡಿಕೊಂಡ ಮಿಶಿಗನ್ ಆಟಗಾರ ಜೆರಾಲ್ಡ್ ಫೋರ್ಡ್, ಮುಂದೆ ಅಮೆರಿಕದ ಅಧ್ಯಕ್ಷರಾದರು. ಬರ್ವ್ಯಾಂಗರ್ ವೃತ್ತಿಪರ ಆಟ ಆಡಲೇ ಇಲ್ಲ. ಟ್ರೋಫಿ ಬಹಳ ಕಾಲ ಅವರ ಚಿಕ್ಕಮ್ಮನ ಮನೆಯಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಿಡುವ ಗುಂಡುಕಲ್ಲಿನ ಕೆಲಸ ಮಾಡುತ್ತಿತ್ತು.

ಟ್ರೋಫಿ ಕೊಡುವುದು ಮತದಾನದಿಂದ, ಮುಖ್ಯವಾಗಿ ಪತ್ರಕರ್ತರ ಮತ. ಅಲ್ಲಿ ಗಜಗಳಿಗಿಂತ ಬೇರೆ ಲೆಕ್ಕಗಳೂ ಕೆಲಸ ಮಾಡಿವೆ. 1956ರಲ್ಲಿ ಸಿರಾಕ್ಯೂಸ್‌ನ ಜಿಮ್ ಬ್ರೌನ್ ಕೋಲ್ಗೇಟ್ ವಿರುದ್ಧದ ಒಂದೇ ಪಂದ್ಯದಲ್ಲಿ ಆರು ಟಚ್‌ಡೌನ್ ಓಡಿ, ಟಚ್‌ಡೌನ್ ಆದ ಮೇಲೆ ಚೆಂಡು ಒದ್ದು ಗಳಿಸುವ ಹೆಚ್ಚುವರಿ ಒಂದೊಂದು ಅಂಕವನ್ನೂ ಏಳು ಸಲ ತಾವೇ ಒದ್ದು, ಒಬ್ಬರೇ 43 ಅಂಕ ಗಳಿಸಿದರು. ಮತದಾನದಲ್ಲಿ ಅವರಿಗೆ ಸಿಕ್ಕಿದ್ದು ಐದನೇ ಸ್ಥಾನ. ಗೆದ್ದವರು ಎಂಟು ಪಂದ್ಯ ಸೋತು ಎರಡೇ ಗೆದ್ದ ನೋಟರ್ ಡೇಮ್ ತಂಡದ ಪಾಲ್ ಹಾರ್ನಂಗ್. ಬ್ರೌನ್ ಕಪ್ಪು ವರ್ಣೀಯರು. ಅಲ್ಲಿಯವರೆಗೆ ಯಾವ ಕಪ್ಪು ಆಟಗಾರನಿಗೂ ಆ ಟ್ರೋಫಿ ಬಂದಿರಲಿಲ್ಲ. ಬಂದದ್ದು 1961ರಲ್ಲಿ, ಅದೇ ಸಿರಾಕ್ಯೂಸ್‌ನ, ಬ್ರೌನ್ ತೊಟ್ಟಿದ್ದ ಅದೇ 44ರ ಅಂಗಿ ತೊಟ್ಟ ಅರ್ನಿ ಡೇವಿಸ್‌ಗೆ. ವೃತ್ತಿಪರ ತಂಡಗಳ ಆಯ್ಕೆಯಲ್ಲೂ ಅವರದೇ ಮೊದಲ ಹೆಸರು. ಆದರೆ ರಕ್ತದ ಕ್ಯಾನ್ಸರ್ ತಗುಲಿ, ಒಂದೂ ವೃತ್ತಿಪರ ಪಂದ್ಯ ಆಡದೆ, 1963ರ ಮೇ ತಿಂಗಳಲ್ಲಿ 23ನೇ ವಯಸ್ಸಿಗೆ ತೀರಿಕೊಂಡರು. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪಿನ್ ಕೋಡ್ ಇವತ್ತಿಗೂ 44ರಲ್ಲಿ ಕೊನೆಯಾಗುತ್ತದೆ, 13244.

ದಕ್ಷಿಣದ ರಾಜ್ಯಗಳಲ್ಲಿ ಇನ್ನೂ ತಡವಾಯಿತು. 1970ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕಪ್ಪು ಫುಲ್‌ಬ್ಯಾಕ್ ಸ್ಯಾಮ್ ಕನ್ನಿಂಗ್‌ಹ್ಯಾಮ್, ಬಿಳಿಯರೇ ಆಡುತ್ತಿದ್ದ ಅಲಬಾಮಾ ತಂಡದ ಮೇಲೆ, ಅವರದೇ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ, 12 ಓಟಗಳಲ್ಲಿ 135 ಗಜ ಓಡಿ 42–21ರ ಜಯ ತಂದರು. ಆ ಒಂದು ರಾತ್ರಿ ಅಲಬಾಮಾದ ಮನಸ್ಸು ಬದಲಿಸಿತು ಎಂದು ಹೇಳುವುದು ವಾಡಿಕೆ. ಕೇಳಲು ಚೆನ್ನಾಗಿದೆ, ಪೂರ್ತಿ ನಿಜವಲ್ಲ. ಅಲಬಾಮಾ ಆಗಲೇ ವಿಲ್ಬರ್ ಜ್ಯಾಕ್ಸನ್ ಎಂಬ ಕಪ್ಪು ಹುಡುಗನನ್ನು ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಂಡಿತ್ತು. ಮೊದಲ ವರ್ಷದವರು ಆಡುವಂತಿಲ್ಲ ಅನ್ನುವ ಆ ಹಳೆಯ ನಿಯಮದಿಂದಾಗಿ ಅವರು ಪ್ರೇಕ್ಷಕರ ನಡುವೆ ಕೂತು ಕನ್ನಿಂಗ್‌ಹ್ಯಾಮ್ ಓಟ ನೋಡುತ್ತಿದ್ದರು.

1973ರಿಂದ 1983ರವರೆಗೆ ಹನ್ನೊಂದು ವರ್ಷ ಹೈಸ್‌ಮನ್ ರನ್ನಿಂಗ್ ಬ್ಯಾಕ್‌ಗಳ ಮನೆಯ ಆಸ್ತಿಯಾಗಿತ್ತು, ಒಂದು ವರ್ಷವೂ ತಪ್ಪಲಿಲ್ಲ. ಈ ಶತಮಾನದಲ್ಲಿ 2024ರವರೆಗೆ ಗೆದ್ದ ಬ್ಯಾಕ್‌ಗಳು ಮೂವರೇ: 2005ರಲ್ಲಿ ರೆಜಿ ಬುಷ್, 2009ರಲ್ಲಿ ಮಾರ್ಕ್ ಇಂಗ್ರಮ್, 2015ರಲ್ಲಿ ಡೆರಿಕ್ ಹೆನ್ರಿ. ಓಟಗಾರರೇನೂ ಸೊರಗಿಲ್ಲ, ಆಟ ತಿರುಗಿದೆ. ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸಿ ಚೆಂಡು ಎಸೆಯುವ ಪದ್ಧತಿ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್ ಕೈಗೆ ಎಲ್ಲವೂ ಹೋಯಿತು. ಒಬ್ಬನಿಗೇ ಮುನ್ನೂರೈವತ್ತು ಸಲ ಚೆಂಡು ಕೊಟ್ಟು ಅವನ ಮೊಣಕಾಲು ಸವೆಸುವ ಬದಲು ಇಬ್ಬರು ಮೂವರಿಗೆ ಹಂಚುವುದೂ ಹೆಚ್ಚಾಯಿತು. ಹೆನ್ರಿ 2015ರಲ್ಲಿ 395 ಸಲ ಚೆಂಡು ಹೊತ್ತರು, ಆಬರ್ನ್ ವಿರುದ್ಧದ ಒಂದೇ ಪಂದ್ಯದಲ್ಲಿ 46 ಸಲ. ಅಂಥ ದುಡಿಮೆ ಈಗ ಅಪರೂಪ. ಬುಷ್ ಕಥೆ ಬೇರೆಯೇ: ಕಾಲೇಜಿನಲ್ಲಿದ್ದಾಗ ಹಣ, ಸವಲತ್ತು ಪಡೆದ ವಿಷಯ ಹೊರಬಿದ್ದು 2010ರಲ್ಲಿ ಟ್ರೋಫಿ ಬಿಟ್ಟುಕೊಟ್ಟರು. 2021ರಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು, ಮುಖದಿಂದ ಬಹಿರಂಗವಾಗಿಯೇ ಸಂಪಾದಿಸಬಹುದು ಎಂದಾಯಿತು. 2024ರ ಏಪ್ರಿಲ್‌ನಲ್ಲಿ ಬುಷ್‌ಗೆ ಟ್ರೋಫಿ ವಾಪಸ್ ಬಂತು. ಅದೇ ವರ್ಷ 2,601 ಗಜ ಓಡಿದ ಜೆಂಟಿ ಮತದಾನದಲ್ಲಿ ಎರಡನೆಯವರಾದರು. ಗೆದ್ದವರು ದಾಳಿ, ರಕ್ಷಣೆ ಎರಡನ್ನೂ ಆಡಿದ ಕೊಲರಾಡೋದ ಟ್ರಾವಿಸ್ ಹಂಟರ್.

ಎಲ್ಲರೂ ಬೆನ್ನಟ್ಟುವ ಆ 2,628ರ ಒಡೆಯನಿಗೆ ಲೆಕ್ಕದ ಚಟ ಇರಲಿಲ್ಲ. 1989ರಲ್ಲಿ ಸ್ಯಾಂಡರ್ಸ್ ಡೆಟ್ರಾಯಿಟ್ ಲಯನ್ಸ್ ಸೇರಿ ವೃತ್ತಿಪರ ಆಟದ ಮೊದಲ ಋತು ಮುಗಿಸುತ್ತಿದ್ದಾಗ, ಲೀಗ್‌ನ ಅತಿ ಹೆಚ್ಚು ಗಜಗಳ ಪಟ್ಟಕ್ಕೆ ಅವರಿಗೆ ಹತ್ತು ಗಜ ಕಡಿಮೆಯಿತ್ತು. ಕೊನೆಯ ಪಂದ್ಯ, ಜಯ ಕೈಯಲ್ಲಿತ್ತು. ಮತ್ತೆ ಇಳಿಯುತ್ತೀಯಾ ಅಂತ ತರಬೇತುದಾರರು ಕೇಳಿದರು. ಬೇಡ ಅಂದರು. 1,470ಕ್ಕೆ ನಿಂತರು, ಪಟ್ಟ 1,480 ಓಡಿದ ಕ್ರಿಶ್ಚಿಯನ್ ಒಕೋಯೆ ಪಾಲಾಯಿತು. ಹತ್ತು ವರ್ಷದ ನಂತರ, ವೃತ್ತಿಪರ ಆಟದ ಸಾರ್ವಕಾಲಿಕ ದಾಖಲೆಗೆ 1,457 ಗಜವಷ್ಟೇ ಬಾಕಿಯಿತ್ತು. ಹಿಂದಿನ ಒಂದು ಋತುವಿನಲ್ಲೇ 1,491 ಓಡಿದ್ದರು. 1999ರ ಜುಲೈನಲ್ಲಿ, ತಂಡದ ಅಭ್ಯಾಸ ಶುರುವಾಗುವ ಹೊತ್ತಿಗೆ, ತಮ್ಮ ಹುಟ್ಟೂರು ವಿಚಿತಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿದರು: ಇನ್ನು ಆಡುವುದಿಲ್ಲ.